ಸೈಕಲ್ ಸ್ಟ್ಯಾಂಡಿನ ತೀರ್ಪುಗಾರ

ಅವನು ಸತ್ತ ಸುದ್ದಿ ತಂದ ಪೋಸ್ಟ್‌ಮ್ಯಾನಿಗೆ ನಾನು ಟೀ ಕೊಡಿಸಿದೆ. ಕುಡಿದು ಗ್ಲಾಸು ಕೆಳಗಿಟ್ಟ ಮೇಲೆ ಆತ ನನ್ನ ಮುಖ ನೋಡಿ, "ಏನ್ ಸಾರ್, ಮಗು ಉಟ್ಟಿದ ಸುದ್ದಿ ತಂದೋನ್ಗೆ ಕೊಡ್ಸೋ ಅಂಗೆ ಕೊಡ್ಸಿದ್ರಿ" ಅಂದ. ನಾನು ಇಲ್ಲ ಅನ್ನಲಿಲ್ಲ.

ಅವನ ಹೆಸರು ಬರೆಯುವುದಿಲ್ಲ. ಹೆಂಡತಿ ಮಕ್ಕಳು ಇನ್ನೂ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿದ್ದಾರೆ, ಅವರು ನನಗೇನೂ ಕೆಟ್ಟದ್ದು ಮಾಡಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನಾದ್ದರಿಂದ ಎದುರಿಗೆ "ಅಣ್ಣಾ" ಅಂತಲೇ ಕರೆಯುತ್ತಿದ್ದೆ. ಬರೆಯಲು ಕೂತರೆ ಮಾತ್ರ ಬಹುವಚನ ಬರುವುದಿಲ್ಲ. ಹದಿನೈದು ವರ್ಷ ಮನಸ್ಸಿನೊಳಗೆ ಏಕವಚನದಲ್ಲೇ ಬೈದು ಅಭ್ಯಾಸವಾಗಿಬಿಟ್ಟಿದೆ. ನನ್ನ ಸ್ವಂತ ಅಣ್ಣ ಕಥೆ ಬರೆಯುವುದನ್ನು ನಿಲ್ಲಿಸಿದ್ದು ಅವನಿಂದ. ಇದೊಂದೇ ನನ್ನ ದೂರು. ಉಳಿದದ್ದೆಲ್ಲ ಅದರ ಬಾಲ.

ಎಪ್ಪತ್ತರ ದಶಕದಲ್ಲಿ ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಒಂದು ಟಾಕೀಸ್ ಇತ್ತು. ಅದರ ಸೈಕಲ್ ಸ್ಟ್ಯಾಂಡು ಅವನದು. ನಂದಿದುರ್ಗದ ಗಣಿಯಲ್ಲಿ ಕೆಲವು ವರ್ಷ ನೆಲದಡಿ ದುಡಿದು, ಕೆಮ್ಮು ಹಿಡಿದ ಮೇಲೆ ಬಿಟ್ಟು ಬಂದಿದ್ದ. ಟಾಕೀಸಿನ ಹಿಂದೆಯೇ ಒಂದು ಕೋಣೆ ಹಿಡಿದುಕೊಂಡು ವಾರಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಕಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣ. ಸೈಕಲ್ ಸೀಟಿನ ಮೇಲೆ ನಂಬರು ಬರೆಯುವುದಕ್ಕೆ. ಗಣಿಯ ತಗ್ಗು ದಾರಿಯಲ್ಲಿ ನಡೆದ ಅಭ್ಯಾಸಕ್ಕೆ ತಲೆ ಬಗ್ಗಿಸಿಯೇ ನಡೆಯುತ್ತಿದ್ದ. ನೋಡಿದವರು ವಿನಯ ಅಂದುಕೊಳ್ಳುತ್ತಿದ್ದರು. ವಿನಯ ಅವನ ಹತ್ತಿರವೂ ಹಾದು ಹೋಗಿರಲಿಲ್ಲ.

ಅವನ ಕೆಲಸದ ಕ್ರಮವೊಂದಿತ್ತು. ಶುಕ್ರವಾರ ಹೊಸ ಸಿನಿಮಾ ಬಂದ ದಿನ ಬೆಳಗಿನ ಆಟವನ್ನು ಹಿಂದಿನ ಬಾಗಿಲ ಬಳಿ ನಿಂತು ಪೂರ್ತಿ ನೋಡುತ್ತಿದ್ದ. ಮಧ್ಯಾಹ್ನದ ಆಟಕ್ಕೆ ಸ್ಟ್ಯಾಂಡು ಜೋಡಿಸುತ್ತಿದ್ದ. ಸಿನಿಮಾ ಚೆನ್ನಾಗಿದ್ದರೆ ಸೈಕಲ್ಲುಗಳ ಮುಂದಿನ ಚಕ್ರ ಗೋಡೆಗೆ, ಮೂರು ಸಾಲು ಒತ್ತೊತ್ತಾಗಿ. ಯಾರೂ ನಡುವೆ ಎದ್ದು ಬರುವುದಿಲ್ಲವಲ್ಲ. ಸಿನಿಮಾ ಕೆಟ್ಟದಾಗಿದ್ದರೆ ಚಕ್ರ ಟಾಕೀಸಿನ ಗೇಟಿನ ಕಡೆಗೆ, ಸಡಿಲವಾಗಿ. ಇಂಟರ್‌ವಲ್‌ನಲ್ಲಿ ಎದ್ದು ಬಂದವರು ಎಳೆದುಕೊಂಡು ಹೋಗಬಹುದು. ಹಿಂದೊಮ್ಮೆ ಯಾವುದೋ ಸಿನಿಮಾಕ್ಕೆ ಅರ್ಧ ಜನ ಇಂಟರ್‌ವಲ್‌ನಲ್ಲೇ ಎದ್ದು ಬಂದು, ಎಳೆದಾಡಿ, ಸಾಲಿಗೆ ಸಾಲೇ ಬಿದ್ದು ಹ್ಯಾಂಡಲ್ಲುಗಳು ಸೊಟ್ಟಗಾಗಿ ಹೊಡೆದಾಟವಾಗಿತ್ತಂತೆ. ಆಮೇಲಿಂದ ಈ ಪದ್ಧತಿ.

ಅಷ್ಟೇ ಆಗಿದ್ದರೆ ಅದು ಅವನ ಅನುಕೂಲ, ನಮಗೇನು. ಆದರೆ ಟಾಕೀಸಿನ ಕಾಂಪೌಂಡು ಗಿಡ್ಡ. ರೈಲ್ವೆ ಗೇಟು ಬಿದ್ದಾಗ ನಿಂತ ಬಸ್ಸು, ಎತ್ತಿನ ಗಾಡಿ, ನಡೆದು ಹೋಗುವವರು ಎಲ್ಲರ ಕಣ್ಣಿಗೂ ಸ್ಟ್ಯಾಂಡು ಕಾಣುತ್ತಿತ್ತು. ಒಂದೆರಡು ವರ್ಷದಲ್ಲಿ ಊರಿಗೆ ಊರೇ ಅದನ್ನು ಓದುವುದು ಕಲಿಯಿತು. ಬೇತಮಂಗಲದ ಬಸ್ಸಿನಲ್ಲಿ ಹೆಂಗಸರು ಕಿಟಕಿಯಿಂದ ಬಗ್ಗಿ, "ಈ ವಾರ ಸೈಕಲ್ ಮೊಕ ಎತ್ಲಾಗೈತೆ?" ಅಂತ ಕೇಳುವುದನ್ನು ನಾನೇ ಕೇಳಿದ್ದೇನೆ. ಗೇಟಿನ ಕಡೆಗಿದ್ದರೆ ಬಸ್ಸು ಇಳಿಯುತ್ತಲೇ ಇರಲಿಲ್ಲ. ಟಾಕೀಸಿನ ಮ್ಯಾನೇಜರು ಬೈದ, ಬೇಡಿಕೊಂಡ, ಕಾಂಪೌಂಡಿನ ಮೇಲೆ ತಗಡು ಹೊಡೆಸುತ್ತೇನೆಂದ. ಅವನದು ಒಂದೇ ಉತ್ತರ.

"ಬಿದ್ದ ಸೈಕಲ್ ಎತ್ತೋನು ನಾನು. ನೀವ್ ಬಂದು ಎತ್ತಂಗಿದ್ರೆ ಏಳಿ, ಗೋಡೆಗ್ ನಿಲ್ಸ್ತೀನಿ. ಅವ್ಳೋದಾ."

ಅವ್ಳೋದಾ ಅಂದರೆ ತಮಿಳಿನಲ್ಲಿ ಅಷ್ಟೇ ಎಂದು. ಕೆ.ಜಿ.ಎಫ್. ಲೈನುಗಳಲ್ಲಿ ಬೆಳೆದವರ ಬಾಯಲ್ಲಿ ಮೂರು ಭಾಷೆಯೂ ಕಲಸಿಕೊಂಡು ಬರುತ್ತವೆ. ಅವನು ಈ ಒಂದು ಮಾತನ್ನು ಬೀಗದ ಹಾಗೆ ಬಳಸುತ್ತಿದ್ದ. ಅದಾದ ಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಅವನ ಅಭಿಪ್ರಾಯಗಳಾದರೂ ಎಂಥವು? ಗಣಿಯ ಕಸದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಮೇಲೆ ಶೂಟಿಂಗ್ ಮಾಡಿದ ಒಂದು ಗಣಿ ಕಾರ್ಮಿಕರ ಸಿನಿಮಾ ಬಂತು. ನಮ್ಮ ಕಡೆಯ ಜಾಗವನ್ನು ಪರದೆಯ ಮೇಲೆ ನೋಡಿ ಜನ ಶಿಳ್ಳೆ ಹೊಡೆದರು. ಇವನು ಸೈಕಲ್ಲುಗಳನ್ನು ಗೇಟಿನ ಕಡೆ ತಿರುಗಿಸಿಟ್ಟ. ಯಾಕಣ್ಣಾ ಅಂದರೆ, "ಈರೋ ಗಣಿಯಿಂದ ಮೇಲಕ್ ಬತ್ತಾನೆ. ಉಗುರು ನೋಡಿದ್ಯಾ? ಮದ್ವೆ ಗಂಡಿನ ಉಗುರು" ಅಂದ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಅವನಿಗೆ ಕಂಡದ್ದು ಹತ್ತು ಉಗುರು. ಹಾವೊಂದು ಸೇಡು ತೀರಿಸಿಕೊಳ್ಳುವ ಸಿನಿಮಾಕ್ಕೆ, "ಆವು ಅಡ್ರೆಸ್ ಬರ್ಕಂಡು ಬತ್ತದಾ? ನಮ್ ಲೈನ್ನಾಗೆ ಪೋಸ್ಟ್‌ಮ್ಯಾನ್ಗೇ ಮನೆ ಸಿಕ್ಕಲ್ಲ" ಅಂದ. ತಾಯಿಯೊಬ್ಬಳು ಮಗನಿಗಾಗಿ ಕಣ್ಣು ಕಳೆದುಕೊಳ್ಳುವ ಸಿನಿಮಾ ನೋಡಿ ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಅವಳು ವರ್ಷಕ್ಕೆ ನೋಡುತ್ತಿದ್ದದ್ದೇ ಎರಡು ಸಿನಿಮಾ. ಇವನು ನಿಂತಲ್ಲಿಂದಲೇ, "ಯಾಕಕ್ಕಾ, ಈರುಳ್ಳಿ ಎಚ್ಚೋಕೆ ಮನೇಲಿ ಕೆಲ್ಸ ಇರ್ಲಿಲ್ವಾ?" ಅಂದ. ಅಮ್ಮ ಸೆರಗು ಎಳೆದುಕೊಂಡು ಸರಸರ ನಡೆದಳು. ಕಾಮಸಮುದ್ರದ ಬಸ್ಸಿನಲ್ಲಿ ಕೂತ ಮೇಲೆ, "ಅತ್ತಿದ್ದು ತೆಪ್ಪೇನೋ?" ಅಂತ ನನ್ನನ್ನು ಕೇಳಿದಳು. ಆ ಪ್ರಶ್ನೆಯನ್ನು ನಾನು ಮರೆತಿಲ್ಲ.

ಎಲ್ಲಕ್ಕಿಂತ ಹೀನ ಕೆಲಸವೆಂದರೆ ಒಂದು ಪತ್ತೇದಾರಿ ಸಿನಿಮಾಕ್ಕೆ ಮಾಡಿದ್ದು. ಟಿಕೆಟ್ಟಿನ ಸಾಲಿನಲ್ಲಿ ನಿಂತವರ ಸೈಕಲ್ ತೆಗೆದುಕೊಳ್ಳುತ್ತಾ, ಸೀಟಿನ ಮೇಲೆ ನಂಬರು ಬರೆಯುತ್ತಾ, ಒಬ್ಬೊಬ್ಬರಿಗೂ ಮೆಲ್ಲಗೆ, "ಡಾಕ್ಟ್ರೇ ಕೊಂದಿರೋದು" ಅಂತ ಹೇಳಿ ಕಳಿಸಿದ. ಒಬ್ಬ ಮೇಷ್ಟ್ರು ಕೈ ಎತ್ತಲು ಹೋದರು. "ಕೊನೆ ತಿಳುದ್ರೆ ಕೆಟ್ಟೋಗೋ ಸಿನಿಮಾ ಮೊದ್ಲೇ ಕೆಟ್ಟಿರ್ತದೆ ಸಾಮಿ" ಅಂದ. ಮೇಷ್ಟ್ರು ಕೈ ಇಳಿಸಿಕೊಂಡು ವಾಪಸ್ಸು ಹೋದರು. ಇಂಥವನ ಮಾತನ್ನು ಊರು ನಂಬುತ್ತಿತ್ತು. ಯಾಕೆ ನಂಬುತ್ತಿತ್ತೆಂದರೆ, ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದ ಹಾಗೇ ಆಗುತ್ತಿತ್ತು. ಅದು ನನ್ನ ಹೊಟ್ಟೆಯುರಿಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಇನ್ನು ನಮ್ಮಣ್ಣನ ಮಾತು. ನಮ್ಮದು ಕಾಮಸಮುದ್ರದ ಪಕ್ಕದ ಹಳ್ಳಿ, ಸ್ವಲ್ಪ ಹೊಲ, ಎರಡು ಹಸು. ಅಣ್ಣ ಬಂಗಾರಪೇಟೆಗೆ ಕಾಲೇಜಿಗೆಂದು ಹೋಗಿ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಇವನ ಜೊತೆ ಸಿನಿಮಾ ಮಾತಾಡಿ ಬರುತ್ತಿದ್ದ. ಇವನ ಬೈಗುಳಗಳನ್ನೆಲ್ಲ ಮನೆಯಲ್ಲಿ ಬಂದು ನಟಿಸಿ ತೋರಿಸುತ್ತಿದ್ದ. ರಾತ್ರಿ ಹಗಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಆಮೇಲೆ ಬೆಂಗಳೂರಿಗೆ ಹೋಗಿ ಮೂರ್ನಾಲ್ಕು ವರ್ಷ ಯಾರ ಯಾರದೋ ಹಿಂದೆ ಅಲೆದು, ಕೊನೆಗೆ ಒಂದು ಸಿನಿಮಾಕ್ಕೆ ಕಥೆ ಸಂಭಾಷಣೆ ಬರೆದ. ಪರದೆಯ ಮೇಲೆ ಅವನ ಹೆಸರು ಬರುತ್ತದೆ ಅಂದರೆ ನಮ್ಮ ಹಳ್ಳಿಗೆ ನಂಬಿಕೆಯೇ ಬರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಆ ಸಿನಿಮಾ ಇದೇ ಟಾಕೀಸಿಗೆ ಬಂತು. ಅದು ಓಡಿದರೆ ಇನ್ನೊಂದಕ್ಕೆ ಬರೆಯಲು ಕರೆಯುತ್ತೇವೆ ಎಂದು ನಿರ್ಮಾಪಕರು ಹೇಳಿದ್ದರು. ಓಡದಿದ್ದರೆ ಏನಾಗುತ್ತದೆಂದು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಬಸ್ಸಿನ ತುಂಬ ನಮ್ಮೂರವರು ಹೋದೆವು. ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ಅಣ್ಣನ ಹೆಸರು ಬಂದಾಗ ಶಿಳ್ಳೆ ಹೊಡೆದೆವು. ಅಮ್ಮನಿಗೆ ಓದಲು ಬಾರದು, ಯಾವುದು ಯಾವುದು ಅನ್ನುವಷ್ಟರಲ್ಲಿ ಹೋಗಿಬಿಟ್ಟಿತು. ಸಿನಿಮಾ ಹೇಗಿತ್ತು ಅಂತ ನನ್ನನ್ನು ಕೇಳಬೇಡಿ. ನನಗೆ ಆಗ ಹತ್ತೊಂಬತ್ತು ವರ್ಷ, ಅದು ನಮ್ಮಣ್ಣನ ಸಿನಿಮಾ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದ್ದಕ್ಕೆ ಜಗಳಕ್ಕೆ ಎದ್ದಿದ್ದೆ.

ಇಂಟರ್‌ವಲ್‌ನಲ್ಲಿ ಅಮ್ಮನಿಗೆ ಸೋಡಾ ತರಲು ಹೊರಗೆ ಬಂದೆ. ಒಳಗೆ ಹೋಗುವಾಗ ಸ್ಟ್ಯಾಂಡು ನೋಡಿದ್ದೆ, ಎಲ್ಲ ಸೈಕಲ್ಲುಗಳ ಮುಖವೂ ಗೋಡೆಗಿತ್ತು; ನೋಡಿ ಸಮಾಧಾನಪಟ್ಟಿದ್ದೆ. ಈಗ ನೋಡಿದರೆ ಮುಂದಿನ ಎರಡು ಸಾಲು ಪೂರ್ತಿ ಗೇಟಿನ ಕಡೆಗೆ ತಿರುಗಿ ನಿಂತಿತ್ತು. ನಡುವೆ ಅವನು ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದ. ಸೈಕಲ್ಲು ಅರ್ಧ ತಿರುಗಿತ್ತು. ರೈಲ್ವೆ ಗೇಟು ಬಿದ್ದಿತ್ತು. ಸಂಜೆ ಆಟಕ್ಕೆ ಬಂದವರು, ಬಸ್ಸಿನಲ್ಲಿದ್ದವರು ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದರು. ಅವನು ನನ್ನನ್ನು ನೋಡಿದ. ಹ್ಯಾಂಡಲ್ ಮಾತ್ರ ಬಿಡಲಿಲ್ಲ. ಸೋಡಾ ಬಾಟಲಿ ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಅಮ್ಮ ಕಾಯುತ್ತಿದ್ದಾಳೆಂದು ಒಳಗೆ ಹೋದೆ. ಅಣ್ಣ ತಡವಾಗಿ ಬಂದು ಕೂತ. ಹೊಸ ಪ್ಯಾಂಟಿಗೆ ಎಲ್ಲೋ ಗ್ರೀಸು ಮೆತ್ತಿಕೊಂಡಿತ್ತು, ಅಮ್ಮ ಕತ್ತಲಲ್ಲೇ ಉಜ್ಜಿ ನೋಡಿ ಬೈದಳು.

ಸಂಜೆಯ ಆಟಕ್ಕೆ ಅರ್ಧ ಬೆಂಚೂ ತುಂಬಲಿಲ್ಲ. ಸೋಮವಾರ ಸಿನಿಮಾ ಪೆಟ್ಟಿಗೆ ರೈಲು ಹತ್ತಿತು. ಬೇರೆ ಊರುಗಳಲ್ಲೂ ಅದು ಓಡಲಿಲ್ಲ ಎಂದು ಆಮೇಲೆ ತಿಳಿಯಿತು, ಆದರೆ ಬೇರೆ ಊರುಗಳು ನನ್ನ ಕಣ್ಣೆದುರು ಸೈಕಲ್ ತಿರುಗಿಸಿರಲಿಲ್ಲ. ಅಣ್ಣ ಊರಿಗೆ ಬಂದವನು ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ನೋಟ್‌ಬುಕ್ಕುಗಳನ್ನು ಅಟ್ಟಕ್ಕೆ ಹಾಕಿದ. ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾದ, ಬೆಳಿಗ್ಗೆ ಸಂಜೆ ಹಾಲಿನ ಡಿಗ್ರಿ ನೋಡಿಕೊಂಡು ಇದ್ದುಬಿಟ್ಟ. ಒಮ್ಮೆ ನಾನು ಅವನೆದುರು ಇವನನ್ನು ಬೈದೆ. "ಬುಡ್ಲಾ ಅತ್ಲಾಗೆ" ಅಂದು ಎದ್ದು ಹೋದ. ಅದನ್ನು ನಾನು ದುಃಖ ಅಂದುಕೊಂಡೆ.

ದೇವರಿಗೆ ಹಾಸ್ಯದ ಬುದ್ಧಿ ಇದೆ. ತೊಂಬತ್ತರ ದಶಕದಲ್ಲಿ ಮನೆಮನೆಗೂ ಟಿ.ವಿ. ಬಂದು ಟಾಕೀಸಿಗೆ ಜನ ಕಡಿಮೆಯಾಗಿ, ಸೈಕಲ್ ಸ್ಟ್ಯಾಂಡು ಮುಚ್ಚಿತು. ನಾನು ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ತೆರೆದಿದ್ದೆ. ಮೂರು ಟಿ.ವಿ., ಮೂರು ಗೇಮ್ ಡಬ್ಬಿ, ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟು. ಒಂದು ದಿನ ಬಾಗಿಲಲ್ಲಿ ಬಗ್ಗಿದ ತಲೆ ಕಾಣಿಸಿತು. ಬಂದು ಸ್ಟೂಲಿನ ಮೇಲೆ ಕೂತ. ಸಾಯುವವರೆಗೆ, ನಾಲ್ಕೈದು ವರ್ಷ, ಕೆ.ಜಿ.ಎಫ್.ನಿಂದ ರೈಲಿನಲ್ಲಿ ಬಂದು ವಾರಕ್ಕೆ ಮೂರು ದಿನ ಕೂತ.

ಆಡುತ್ತಿರಲಿಲ್ಲ. ನೋಡುತ್ತಿದ್ದ, ಬೈಯುತ್ತಿದ್ದ. ಕಾರ್ ರೇಸಿಗೆ, "ಎಷ್ಟೊತ್ತು ಓಡ್ಸಿದ್ರೂ ಅದೇ ಮರ ಬತ್ತೈತಲ್ಲೋ, ಇವ್ನು ಊರು ಸೇರಲ್ಲ" ಅಂದ. ವಿಮಾನದಿಂದ ಗುಂಡು ಹಾರಿಸುವ ಆಟಕ್ಕೆ, "ಕೆಳಗಿರೋರು ಯಾರು, ಏನ್ ಮಾಡವ್ರೆ, ಒಬ್ನಾದ್ರೂ ಕೇಳಿದ್ನಾ?" ಅಂದ. ಏಣಿ ಹತ್ತಿ ಇಳಿದು ನೆಲದಡಿ ಚಿನ್ನ ಆರಿಸುವ ಒಂದು ಆಟವಿತ್ತು, ಅದು ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು. ಅದನ್ನು ಒಂದು ಗಂಟೆ ಕಣ್ಣು ಮಿಟುಕಿಸದೆ ನೋಡಿದ. ಪುಟ್ಟ ಮನುಷ್ಯ ಬಂಡೆ ಬಿದ್ದು ಸಾಯುತ್ತಿದ್ದ, ಟಿಣ್ ಅಂತ ಸದ್ದಾಗಿ ಎದ್ದು ನಿಲ್ಲುತ್ತಿದ್ದ.

"ಎಷ್ಟು ಜೀವ ಇವ್ನಿಗೆ?"

"ಮೂರಣ್ಣ."

"ಥೂ" ಅಂದ. ಸ್ವಲ್ಪ ಹೊತ್ತು ಕೆಮ್ಮಿದ. "ತಲೆ ಮೇಲೆ ದೀಪ ಇಲ್ಲ, ಪಕ್ಕದಾಗೆ ಜೊತೆಗಾರ ಇಲ್ಲ. ಬಂಡೆ ಬಿದ್ರೆ ಇವನ ಎಸ್ರು ಕೂಗೋರಿಲ್ಲ. ಇದ್ಯಾವ ಸೀಮೆ ಗಣಿನೋ. ಅವ್ಳೋದಾ."

ಆಡುತ್ತಿದ್ದ ಕಾಲೇಜು ಹುಡುಗರು ಗೇಮ್ ನಿಲ್ಲಿಸಿ ಎದ್ದು ಹೋದರು. ಅವನಿಗೆ ನನ್ನ ಆಟಗಳ ಮೇಲಿದ್ದ ದೊಡ್ಡ ದೂರು ಇಂಟರ್‌ವಲ್ ಇಲ್ಲ ಎಂಬುದು. "ಅರ್ಧಕ್ಕೆ ಎದ್ದೋಗೋದು ನೋಡೋನ ಮರ್ಯಾದೆ ಕಣ್ಲಾ. ನಿನ್ ಡಬ್ಬಿ ಅದ್ನ ಕೊಡಲ್ಲ" ಅನ್ನುತ್ತಿದ್ದ.

ನಾನು ಒಳ್ಳೆಯವನಾಗಿ ನಡೆದುಕೊಳ್ಳಲಿಲ್ಲ. ಎಲ್ಲರಿಗೂ ಟೀ ತರಿಸಿದಾಗ ಅವನಿಗೆ ಕೊನೆಯಲ್ಲಿ, ಆರಿದ್ದನ್ನು ಕೊಡುತ್ತಿದ್ದೆ. ಸ್ಟೂಲನ್ನು ಬಾಗಿಲ ಬಿಸಿಲಿಗೆ ಎಳೆದಿಡುತ್ತಿದ್ದೆ. ಒಂದು ದಿನ ತಡೆಯಲಾಗದೆ, "ನಮ್ಮಣ್ಣನ ಸಿನಿಮಾಕ್ಕೆ ಸೈಕಲ್ ತಿರುಗಿಸಿದ್ರಲ್ಲ, ಅಮ್ಮ ಒಳಗಿದ್ಳು, ಗೊತ್ತಿತ್ತಾ?" ಎಂದು ಎಲ್ಲರೆದುರು ಕೇಳಿದೆ.

"ಗೊತ್ತಿತ್ತು" ಅಂದ. ಆರಿದ ಟೀ ಕುಡಿದ. "ಆ ಸಿನಿಮಾದಾಗೆ ಎಲ್ರೂ ಕಾಗ್ದ ಓದ್ದಂಗೆ ಮಾತಾಡ್ತಾರೆ. ಬೇತಮಂಗಲದ ನೀರು ಕುಡ್ದೋರು ಅಂಗೆ ಮಾತಾಡಲ್ಲ."

ಹದಿನೈದು ವರ್ಷಗಳಲ್ಲಿ ನನಗೆ ಸಿಕ್ಕ ಸಮಾಧಾನ ಇದು. ಎರಡು ದಿನ ಬಿಟ್ಟು ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕೂತ.

ಪೋಸ್ಟ್‌ಮ್ಯಾನ್ ಸುದ್ದಿ ತಂದ ದಿನ ಅಣ್ಣ ಹಾಲಿನ ಲೆಕ್ಕ ಬಿಟ್ಟು ಊರಿಂದ ಓಡಿ ಬಂದ. "ನಡಿ, ಓಗಾನ" ಅಂದ. ನಾನು ಬರುವುದಿಲ್ಲ ಅಂದೆ. ಅವನು ಯಾವತ್ತೂ ಕೈ ಹಿಡಿದು ಎಳೆದವನಲ್ಲ, ಅವತ್ತು ಎಳೆದ. ನನ್ನ ಸೈಕಲ್ಲಿನಲ್ಲಿ ಡಬಲ್ ರೈಡ್ ಹೊರಟೆವು. ನಂದಿದುರ್ಗದ ಲೈನಿನಲ್ಲಿ ಅವನ ಮನೆಯೆದುರು ಜನ ಸೇರಿದ್ದರು. ಹತ್ತು ನಿಮಿಷ ಮುಖ ತೋರಿಸಿ ಹೊರಡುವುದೆಂದು ಸೈಕಲ್ಲನ್ನು ರಸ್ತೆಯ ಕಡೆಗೇ ಮುಖ ಮಾಡಿ ನಿಲ್ಲಿಸಿದೆ. ಅಣ್ಣ ಅದನ್ನು ನೋಡಿದ. ಎದುರಿನ ಜಗಲಿಯ ಮೇಲೆ ಕೂತೆವು.

"ಅವತ್ತು ತಿರುಗ್ಸಿದ್ದು ಅವ್ರಲ್ಲ ಕಣ್ಲಾ" ಅಂದ ಅಣ್ಣ.

"ನಾನೇ ನೋಡಿದೀನಿ. ಹ್ಯಾಂಡಲ್ ಹಿಡ್ಕೊಂಡು ನಿಂತಿದ್ದ."

"ವಾಪಸ್ ಗೋಡೆಗ್ ತಿರುಗಿಸ್ತಿದ್ರು. ಗೇಟ್ ಕಡೆ ತಿರುಗ್ಸಿದ್ದು ನಾನು."

 ಅಣ್ಣ ನಿಧಾನವಾಗಿ ಹೇಳಿದ. ಸಿನಿಮಾ ಶುರುವಾಗಿ ಅರ್ಧ ಗಂಟೆಗೇ ಅದು ಕೆಟ್ಟದ್ದೆಂದು ಅವನಿಗೆ ಗೊತ್ತಾಗಿತ್ತು. ಅಲ್ಲಿವರೆಗೆ ಜನರ ನಡುವೆ ಕೂತು ನೋಡಿರಲಿಲ್ಲವಂತೆ. ಇಂಟರ್‌ವಲ್‌ಗೆ ಮೊದಲೇ ಎದ್ದು ಹೊರಗೆ ಬಂದ. ಸೈಕಲ್ಲುಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ಬೆಳಗಿನ ಆಟ ಪೂರ್ತಿ ನೋಡಿದ ಮೇಲೂ ಹೀಗೆ ಯಾಕೆ ನಿಲ್ಲಿಸಿದಿರಿ ಎಂದು ಸ್ಟ್ಯಾಂಡಿನವನನ್ನು ಕೇಳಿದ. ಅವನು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು, "ನಿಮ್ಮಮ್ಮ ಒಳ್ಗವ್ರೆ. ಬಸ್ಸಿನ್ ತುಂಬ ಜನ ಕರ್ಕೊಂಡ್ ಬಂದಿದೀಯ. ಸುಮ್ಕಿರು" ಅಂದನಂತೆ.

"ಆ ಸ್ಟ್ಯಾಂಡು ನೋಡಿ ಸಿನಿಮಾ ಕಲ್ತೋನು ಕಣ್ಲಾ ನಾನು" ಅಂದ ಅಣ್ಣ. "ನನ್ಗೋಸ್ಕರ ಅದು ಸುಳ್ಳೇಳಿದ್ರೆ ಎಂಗ್ ತಡ್ಕಳ್ಳಿ. ಒಂದೊಂದೇ ತಿರುಗಿಸ್ತಾ ಬಂದೆ. ಅವ್ರು ಇಂದ್ಗಡೆಯಿಂದ ವಾಪಸ್ ಇಡ್ತಾ ಬಂದ್ರು. ಅಷ್ಟೊತ್ಗೆ ರೈಲ್ ಗೇಟ್ ಬಿತ್ತು, ಜನ ನೋಡ್ಬುಟ್ರು. ನಾನು ಟಾಕೀಸಿನ ಮರೆಗೋದೆ."

"ನಂಗೆ ಯಾಕ್ ಹೇಳ್ಲಿಲ್ಲ ನೀನು?"

"ಅವ್ರು ಬ್ಯಾಡ ಅಂದ್ರು. 'ನಾನೇ ತಿರುಗ್ಸಿದ್ದು ಅಂತಿರ್ಲಿ, ಆ ಸಿನಿಮಾನ ಗೋಡೆಗ್ ನಿಲ್ಸಿದ್ದೆ ಅಂತ ಗೊತ್ತಾದ್ರೆ ನನ್ ಮರ್ಯಾದೆ ಓಯ್ತದೆ' ಅಂದ್ರು. ನನ್ನತ್ರ ಆಣೆ ಇಡಿಸ್ಕಂಡ್ರು."

ಇಲ್ಲಿ ನನ್ನ ಕಣ್ಣು ತುಂಬಿ ಬಂತು ಎಂದು ಬರೆಯಬೇಕು. ಬರಲಿಲ್ಲ. ಬಂದದ್ದು ಸಿಟ್ಟು, ಹಿಂದಿನದಕ್ಕಿಂತ ಜೋರು. ನಾಲ್ಕೈದು ವರ್ಷ ನನ್ನೆದುರು ಬಿಸಿಲಲ್ಲಿ ಕೂತು, ಆರಿದ ಟೀ ಕುಡಿದು, ಎಲ್ಲರೆದುರು ಅನ್ನಿಸಿಕೊಂಡು, ಒಂದು ಮಾತು ಹೇಳಲಿಲ್ಲ ಈ ಮನುಷ್ಯ. ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿಟ್ಟು ಹೋದ. ಅದೂ ಯಾತಕ್ಕೆ? ಒಂದು ಕೆಟ್ಟ ಸಿನಿಮಾವನ್ನು ಚೆನ್ನಾಗಿದೆ ಎಂದವನು ಅನ್ನಿಸಿಕೊಳ್ಳಬಾರದು ಎಂದು. ಕಟುಕ ಅನ್ನಿಸಿಕೊಂಡರೂ ಸರಿ, ತೀರ್ಪು ತಪ್ಪಿದವನು ಅನ್ನಿಸಿಕೊಳ್ಳಬಾರದು. ಸಾವಿನ ಮನೆಯ ಮುಂದೆ ಕೂತು ನಾನು ಅವನನ್ನು ಮನಸಾರೆ ಬೈದೆ. ಅಣ್ಣ ಕೇಳಿಸಿಕೊಂಡು ಕೂತಿದ್ದ.

ಆಮೇಲೆ ನಾನು ಎದ್ದು ಹೋಗಿ ಸೈಕಲ್ಲನ್ನು ಗೋಡೆಯ ಕಡೆ ತಿರುಗಿಸಿಟ್ಟೆ ಎಂದು ಬರೆದರೆ ಕೊನೆ ಚೆನ್ನಾಗಿರುತ್ತದೆ. ಅವನು ಇದ್ದಿದ್ದರೆ, ಮದುವೆ ಗಂಡಿನ ಉಗುರು ಅನ್ನುತ್ತಿದ್ದ. ನಾನು ತಿರುಗಿಸಲಿಲ್ಲ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ತಮಟೆಯವರು ಬಂದರು, ಅವನನ್ನು ಹೊರಗೆ ತಂದು ನೀರು ಹಾಕಿದರು. ಆಗಲೂ ಆ ತಲೆ ಒಂದು ಚೂರು ಬಗ್ಗಿಯೇ ಇತ್ತು. ಸೈಕಲ್ಲು ರಸ್ತೆಯ ಕಡೆಗೇ ಮುಖ ಮಾಡಿಕೊಂಡು ನಿಂತಿತ್ತು. ಅವನನ್ನು ಎತ್ತುವವರೆಗೂ ನಾನು ಜಗಲಿಯಿಂದ ಏಳಲಿಲ್ಲ.